ಬರ್ತೀನಿ ಅನ್ನದ ಮಿಸ್ಸಮ್ಮ

ಇವತ್ತು ಬೆಳಿಗ್ಗೆ ನಾನು ಅಜ್ಜಿಯಾದೆ! ಈ ಒಂದು ಸಾಲು ಬರೆಯೋದರಲ್ಲೇ ಅಕ್ಷರ ಕೋಳಿ ಕೆದರಿದ ಹಾಗೆ ಆಗ್ಬಿಟ್ಟಿದೆ. ಮದುವೆಯಾಗಿ ಇಷ್ಟು ವರ್ಷ ಮಡಿಲು ತುಂಬದೆ, ಕಂಡ ಗುಡಿಗೆಲ್ಲ ಕಾಯಿ ಒಡೆದು, ದರ್ಗಾದಲ್ಲಿ ಸಕ್ಕರೆ ಹಂಚಿ, ಡಾಕ್ಟರ ಬಾಗಿಲಲ್ಲಿ ಕೂತು ಕೂತು ಸವೆದಿದ್ದ ನನ್ನ ಮಗಳಿಗೆ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿದೆ. ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಯಾರ ಮೇಲೋ ಜಗಳಕ್ಕೆ ಬಂದವರ ಹಾಗೆ ಹುಟ್ಟಿದೆ. ನರ್ಸಮ್ಮ ತಂದು ನನ್ನ ಕೈಲಿಟ್ಟಾಗ ನಾನು ಅತ್ತು, ನಕ್ಕು, ಪಕ್ಕದ ಮಂಚದವಳ ಕೆನ್ನೆಗೂ ಮುತ್ತು ಕೊಟ್ಟೆನಂತೆ. ನನಗೆ ನೆನಪಿಲ್ಲ. ಅಳಿಯಂದಿರು ಹೇಳಿ ಹೇಳಿ ನಗ್ತಾ ಇದ್ರು.

ಮನೆಗೆ ಬಂದು ಬಾಣಂತಿಗೆ ಮೆಣಸಿನ ಸಾರು ಮಾಡಿಕೊಂಡು ಹೋಗೋಣ ಅಂತ ಎದ್ದೆ. ಮಗಳು ಸುಸ್ತಾದ ಗಂಟಲಲ್ಲಿ ಕೇಳಿದಳು, "ಹೋಗ್ತೀಯೇನಮ್ಮಾ?"

ನನ್ನ ಎದೆ ಧಸಕ್ ಅಂತು. "ಬಿಡ್ತು ಅನ್ನೇ! ಬರ್ತೀಯಾ ಅಂತ ಕೇಳೇ!" ಅಂತ ಗದರಿಬಿಟ್ಟೆ.

ಪಕ್ಕದ ಮಂಚದವಳು, ನಾನು ಮುತ್ತು ಕೊಟ್ಟಿದ್ದೆನಲ್ಲ ಅವಳೇ, "ಅಯ್ಯೋ, ಹಸೀ ಬಾಣಂತಿನ ಹಂಗಾ ಗದರೋದು ಅಜ್ಜಮ್ಮಾ?" ಅಂದಳು. ಗದರಬಾರದಾಗಿತ್ತು, ನಿಜ. ಆದರೆ ಆ ಒಂದು ಮಾತಿಗೆ ನನ್ನ ಎದೆ ಯಾಕೆ ಹಾಗೆ ಹಾರುತ್ತೆ ಅನ್ನೋದು ಮಗಳಿಗೂ ಪೂರ್ತಿ ಗೊತ್ತಿಲ್ಲ. ಅವಳು ಹುಟ್ಟೋದಕ್ಕೆ ಮುಂಚಿಂದ ಶುರುವಾದ ಕತೆ ಅದು. ಈಗ ಒಲೆ ಮೇಲೆ ಬೇಳೆ ಬೇಯ್ತಾ ಇದೆ. ಬೇಯೋವರೆಗೂ ಬರೀತೀನಿ. ನಾನು ಕಲಿತದ್ದು ಮೂರನೇ ಕ್ಲಾಸು, ತಪ್ಪಿದ್ರೆ ನೀವೇ ಸರಿ ಮಾಡಿಕೊಂಡು ಓದಿ.

ಆಗ ಎರಡನೇ ಮಹಾಯುದ್ಧದ ಕಾಲ. ನಮ್ಮೂರು ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಕಡೆ ಹೋಗೋ ರಸ್ತೆಯಿಂದ ಸ್ವಲ್ಪ ಒಳಗೆ. ನಾನು ಇನ್ನೂ ಹುಡುಗಿ, ಆಗಲೇ ಸೊಸೆಯಾಗಿ ಬಂದು ಒಂದು ಹೆರಿಗೆಯೂ ಆಗಿತ್ತು. ಗಂಡು ಮಗು. ಹುಟ್ಟಿದ್ದು ಅಳಲೇ ಇಲ್ಲ. ಸೂಲಗಿತ್ತಿ ತಲೆಕೆಳಗೆ ಹಿಡಿದು ತಟ್ಟಿದಳು, ಕಿವೀಲಿ ಊದಿದಳು, ಆಮೇಲೆ ಒಂದು ಹಳೇ ಬಟ್ಟೇಲಿ ಸುತ್ತಿ ನಮ್ಮ ಮಾವನ ಕೈಗೆ ಕೊಟ್ಟಳು. ನನಗೆ ಮುಖ ತೋರಿಸಲಿಲ್ಲ. ಅದರ ಮೇಲೆ ನನ್ನನ್ನ ಯಾರೂ ಏನೂ ಅನ್ನಲಿಲ್ಲ. ಅಂದಿದ್ರೇ ಚೆನ್ನಾಗಿತ್ತು.

ಆ ವರ್ಷವೇ ಮಿಸ್ಸಮ್ಮ ನಮ್ಮೂರಿಗೆ ಬಂದದ್ದು. ಪಾದ್ರಿಗಳ ಕಡೆಯವಳು, ಸೀಮೆಯಿಂದ ಹಡಗಲ್ಲಿ ಬಂದವಳು, ಹೆರಿಗೆ ಕೆಲಸ, ಔಷಧಿ ಕೆಲಸ ಎರಡೂ ಕಲಿತವಳು. ನನಗಿಂತ ನಾಕೈದು ವರ್ಷಕ್ಕೆ ದೊಡ್ಡವಳಿರಬೇಕು, ಅಷ್ಟೆ. ಮೂಗಿನ ಮೇಲೆಲ್ಲ ರಾಗಿ ಚೆಲ್ಲಿದ ಹಾಗೆ ಚುಕ್ಕೆ. ನಮ್ಮ ಬೀದಿ ಕೊನೇಲಿ ಖಾಲಿ ಬಿದ್ದಿದ್ದ ಹೆಂಚಿನ ಮನೆಯನ್ನ ಅವಳಿಗೆ ಹಿಡಿದುಕೊಟ್ಟಿದ್ರು. ಹಿಂದಿನ ಕೋಣೇಲಿ ಒಂದು ಮಂಚ, ಒಂದು ಸಣ್ಣ ಬಾಜಾ ಪೆಟ್ಟಿಗೆ, ಗೋಡೇಲಿ ಮರದ ಶಿಲುಬೆ. ಮುಂದಿನ ಕೋಣೆ ಔಷಧಿ ಮನೆ. ದಿನಾ ಬೆಳಿಗ್ಗೆ ಅವಳಿಗೆ ಹಾಲು ಕೊಟ್ಟು ಬರೋ ಕೆಲಸ ನನ್ನದು.

ಮೊದಲನೇ ದಿನ ಬಾಗಿಲಿಗೆ ಬಂದು ಕೈ ಮುಗಿದು, "ಅಮ್ಮಾ, ನನಗೆ ದಿನವೂ ಅರ್ಧ ಸೇರು ಹಲ್ಲು ಬೇಕು" ಅಂದಳು.

ನಾನು ಸೆರಗು ಬಾಯಿಗಿಟ್ಟುಕೊಂಡು ಮನೇವರೆಗೂ ಓಡಿಬಂದೆ. ನಮ್ಮತ್ತೆ ಕೇಳಿಸಿಕೊಂಡು, "ಅರ್ಧ ಸೇರು ಹಲ್ಲಾ? ನಿಮ್ಮ ಮಾವನ ಬಾಯಲ್ಲಿ ಅಷ್ಟು ಉಳಿದಿಲ್ಲ ಅನ್ನು!" ಅಂದ್ರು. ಜಗಲಿ ಮೇಲಿದ್ದ ಮಾವನಿಗೂ ಕೇಳಿಸ್ತು.

ಬೆಂಗಳೂರಲ್ಲಿ ಯಾರೋ ಪಂಡಿತರ ಹತ್ರ ಕನ್ನಡ ಕಲಿತು ಬಂದಿದ್ದಳು. ಅದು ಕನ್ನಡವೇ, ಆದರೆ ಇಸ್ತ್ರಿ ಹಾಕಿದ ಕನ್ನಡ. "ತಾವು ಊಟವನ್ನು ಮಾಡಿದಿರೋ?" ಅಂತ ಎಮ್ಮೆ ಕಾಯೋ ಮುದುಕನ್ನ ಕೇಳೋಳು. ಅವನು ಹಿಂದೆ ತಿರುಗಿ ನೋಡೋನು, ಇನ್ಯಾರನ್ನೋ ಕೇಳಿದಳೇನೋ ಅಂತ. ಅವಳ ದಿನವೆಲ್ಲ ಹಾಗೇ. ಬೆಳಿಗ್ಗೆ ಎದ್ದು ಪೆಟ್ಟಿಗೆ ಬಾರಿಸಿಕೊಂಡು ಹಾಡು, ಆಮೇಲೆ ಮೊಣಕಾಲೂರಿ ಪ್ರಾರ್ಥನೆ, ಆಮೇಲೆ ಹುಣ್ಣು, ಕಜ್ಜಿ, ಕಣ್ಣು ನೋವಿನ ಮಕ್ಕಳು. ಮಧ್ಯಾಹ್ನ ಹಾಸಿಗೆ ಹಿಡಿದವರ ಮನೆಮನೆಗೆ ಹೋಗೋದು. ಹೋದ ಕಡೆ ಔಷಧಿ ಕೊಟ್ಟು ಅವಳ ದೇವರ ಕತೆ ಒಂದು ಹೇಳೋಳು. ನಮ್ಮತ್ತೆಗೆ ಕತೆ ಅಂದ್ರೆ ಪ್ರಾಣ. "ಹೇಳು ತಾಯಿ, ಕೇಳ್ತೀನಿ. ಔಷಧಿ ನಿಂದು ಇರ್ಲಿ, ಕತೆ ನಿಂದು ಇರ್ಲಿ, ದೇವರು ಮಾತ್ರ ನಮ್ಮದೇ ಇರ್ಲಿ" ಅನ್ನೋರು. ಅವಳು ನಗೋಳು. ಆದರೆ ಪಾದ್ರಿಗಳ ಕಡೆಯವರು ಬಂದು, ಯಾರಾದ್ರೂ ನಮ್ಮ ಮತಕ್ಕೆ ಸೇರಿದ್ರಾ ಅಂತ ಅವಳನ್ನ ಕೇಳಿ ಹೋದ ದಿನ ಅವಳ ಹಾಡು ಸಣ್ಣಗಾಗೋದು. ನನಗೆ ಅದು ಗೊತ್ತಾಗೋದು.

ಮತ್ತೆ ಬಸುರಿಯಾದಾಗ ನಾನು ಮೊದಲು ಹೇಳಿದ್ದು ಅವಳಿಗೇ. ಅವಳು ನನ್ನ ಎರಡು ಕೈ ಹಿಡಿದು, "ಈ ಮಗು ಅಳಲಿ ಎಂದು ಬೇಡುತ್ತೇನೆ. ದೇವರ ಚಿತ್ತವಿದ್ದರೆ ನಾನು ಜೊತೆಯಲ್ಲಿ ಇರುತ್ತೇನೆ" ಅಂದಳು. ಆ ಮಾತೊಂದನ್ನ ಇಟ್ಟುಕೊಂಡೇ ನಾನು ರಾಗಿ ಬೀಸ್ತಿದ್ದೆ, ನೀರು ಸೇದ್ತಿದ್ದೆ.

ಅವಳಿಗೆ ಕಲಿಸೋಕೆ ನನ್ನ ಕೈಲಿ ಆಗದೇ ಹೋದ ಮಾತು ಒಂದೇ. ಯಾರ ಮನೆಯಿಂದ ಹೊರಟರೂ ಹೊಸ್ತಿಲಲ್ಲಿ ನಿಂತು ಕೈ ಮುಗಿದು, "ನಾನು ಹೋಗುತ್ತೇನೆ" ಅನ್ನೋಳು. ಪಂಡಿತರು ಹೋಗುವುದಕ್ಕೆ ಹೋಗುವುದು ಅಂತಲೇ ಕಲಿಸಿದ್ರೋ ಏನೋ. ಜನ ಮೊದಮೊದಲು ನಕ್ಕರು.

ನಾನು ಹೇಳಿದೆ, "ಮಿಸ್ಸಮ್ಮಾ, ಹಂಗನ್ನಬಾರದು. ಹೋಗೋದು ಅಂದ್ರೆ ತಿರುಗಿ ಬರದೇ ಇರೋ ಕಡೆ ಹೋಗೋದು. ಬರ್ತೀನಿ ಅನ್ನಬೇಕು."

"ಆದರೆ ನಾನು ಹೋಗುತ್ತಾ ಇದ್ದೇನಲ್ಲ?"

"ಹೋಗ್ತಾ ಇದ್ರೂನೂ ಬರ್ತೀನಿ ಅನ್ನಬೇಕು."

"ಮತ್ತೆ ಬರದೆ ಇದ್ದರೆ?"

"ಇದ್ರೂನೂ."

ಅವಳು ಹಾಲಿನ ಪಾತ್ರೆ ಒಳಗಿಟ್ಟು ಬಂದಳು. ಆಮೇಲೆ ಮೆತ್ತಗೆ ಹೇಳಿದಳು, ಅವರಪ್ಪ ಚಿಕ್ಕಂದಿನಿಂದ ಕಲಿಸಿದ್ದು ಒಂದೇ ಅಂತೆ, ಆಡೋ ಮಾತನ್ನ ಮೇಲಿರೋನು ಕೇಳಿಸಿಕೊಳ್ತಾ ಇರ್ತಾನೆ, ಆಗದೇ ಇರೋದನ್ನ ಆಗುತ್ತೆ ಅನ್ನಬಾರದು ಅಂತ. "ಬಾಯಿಯ ಮಾತನ್ನು ಸಡಿಲ ಬಿಟ್ಟರೆ ನನ್ನ ಬಳಿ ಬೇರೆ ಏನು ಇದೆ? ನಾನು ಸಮುದ್ರ ದಾಟಿ ಬಂದದ್ದೇ ಒಂದು ಮಾತನ್ನು ಹೇಳಲಿಕ್ಕೆ" ಅಂದಳು.

ನಾಳೆ ನಿಜವಾಗಿ ಬರೋ ಮನೇಲಾದ್ರೂ ಬರ್ತೀನಿ ಅನ್ನಿ ಅಂದ್ರೆ, "ನಾಳೆ ಎನ್ನುವುದು ನನ್ನ ಕೈಯಲ್ಲಿ ಇಲ್ಲ" ಅನ್ನೋಳು. ದೇವನಹಳ್ಳಿ ಕಡೆ ಜಟಕಾ ಹೊಡೆಯೋ ಸಾಬರು ಒಬ್ಬರಿದ್ರು, ಅವರೂ ಹೇಳಿ ನೋಡಿದ್ರು. "ಮಿಸ್ಸಮ್ಮ, ನಮ್ಮ ಮನೇಲೂ ಹಂಗೇ. ಜಾತೂಂ ಅನ್ನಲ್ಲ, ಆತೂಂ ಅಂತೀವಿ. ನಮ್ಮ ಕುದುರೆಗೂ ಬರ್ತೀನಿ ಅಂದ್ರೇನೇ ಅದು ಮುಂದಕ್ಕೆ ಹೋಗೋದು!" ಅವಳು ಕುದುರೆ ಕುತ್ತಿಗೆ ಸವರಿ ನಕ್ಕಳು. ಆದರೆ ಇಳಿದಾಗ ಕುದುರೆಗೂ ಹೋಗುತ್ತೇನೆ ಅಂತಲೇ ಅಂದಳಂತೆ.

ನಮ್ಮ ಮನೆಯಿಂದ ಎರಡು ಮನೆ ಆಚೆ ಒಬ್ಬ ಹುಡುಗ ಇದ್ದ. ತಾಯಿಗೆ ಒಬ್ಬನೇ ಮಗ. ನಾನು ಹಾಲು ತಗೊಂಡು ಹೋಗೋವಾಗ ಬೇಲಿ ಮೇಲೆ ಕೂತು "ಅಕ್ಕಾ, ಹಲ್ಲು ಚೆಲ್ಲೀಯೆ!" ಅಂತ ರೇಗಿಸೋನು. ಅವನಿಗೆ ಜ್ವರ ಬಂತು. ಬಿಡಲೇ ಇಲ್ಲ. ಮಿಸ್ಸಮ್ಮ ದಿನಾ ಹೋಗಿ ಕೂತಳು. ಒದ್ದೆ ಬಟ್ಟೆ ಹಾಕಿದಳು, ಗಂಜಿ ತಿಳಿ ಕುಡಿಸಿದಳು, ಅವನ ಪಕ್ಕ ಮೊಣಕಾಲೂರಿದಳು. ಆ ತಾಯಿಯೂ ಅವಳ ಪಕ್ಕ ಕೂತು ತನ್ನ ದೇವರನ್ನ ಕೂಗಿದಳು. ಜ್ವರ ಒಂಚೂರು ಇಳೀತು. ಹುಡುಗ ಎದ್ದು ಅವರೆಕಾಳು ಸಾರು ಕೇಳಿದನಂತೆ.

ಮಾರನೇ ದಿನ ಅವಳು ದೇವನಹಳ್ಳಿಗೆ ಅವರ ಸಭೆಗೆ ಹೋಗಬೇಕಿತ್ತು. ಹೊರಡೋ ಮುಂಚೆ ಆ ಮನೆಗೆ ಬಂದು ಔಷಧಿ ಕೊಟ್ಟು, ಹೇಗೆ ಕುಡಿಸಬೇಕು ಅಂತ ತಾಯಿಗೆ ಹೇಳಿ, ಹೊಸ್ತಿಲಲ್ಲಿ ನಿಂತು ಕೈ ಮುಗಿದಳು. "ನಾನು ಹೋಗುತ್ತೇನೆ" ಅಂದಳು.

ನಾನು ಅಲ್ಲೇ ಬೀದೀಲಿ ನಿಂತಿದ್ದೆ. ತಾಯಿ ಮುಖ ಕಪ್ಪಿಟ್ಟಿದ್ದು ಕಂಡೆ. "ಕಾಯಿಲೆ ಮನೇಲಿ ಇದೇನ್ ಮಾತಮ್ಮಾ? ಬರ್ತೀನಿ ಅನ್ನು" ಅಂದಳು. ಮಿಸ್ಸಮ್ಮ ನನ್ನ ಕಡೆ ನೋಡಿದಳು, ಅವಳ ಕಡೆ ನೋಡಿದಳು. "ನಾಳೆ ನಾನು ಇಲ್ಲಿ ಇರುವುದಿಲ್ಲ. ಇರುವುದಿಲ್ಲ ಎಂದ ಮೇಲೆ..." ಅಂತ ಅರ್ಧಕ್ಕೆ ನಿಲ್ಲಿಸಿ, ಜಟಕಾ ಹತ್ತಿದಳು.

ಅವಳು ಬರೋದರೊಳಗೆ ಹುಡುಗ ಹೋಗಿಬಿಟ್ಟ.

ತಾಯಿ ಎದೆ ಬಡಕೊಂಡು ಕೂಗಿದ್ದು ಊರಿಗೆಲ್ಲ ಕೇಳಿಸ್ತು. "ಹೋಗ್ತೀನಿ ಅಂದ್ಲು! ಹೋಗ್ತೀನಿ ಅಂದು ನನ್ನ ಮಗನ್ನೂ ಕರ್ಕೊಂಡೇ ಹೋದ್ಲು!" ಮಿಸ್ಸಮ್ಮ ಬಂದು ಜಟಕಾದಿಂದ ಇಳಿದಾಗ ಬೀದೀಲಿ ಒಂದೊಂದೇ ಬಾಗಿಲು ಮುಚ್ಚಿಕೊಳ್ತು. ಯಾರೂ ಬಯ್ಯಲಿಲ್ಲ, ಕಲ್ಲು ಹೊಡೀಲಿಲ್ಲ. ಬಾಗಿಲು ಹಾಕಿಕೊಂಡ್ರು, ಅಷ್ಟೆ. ಔಷಧಿ ಮನೆ ಮುಂದೆ ಮಕ್ಕಳಿಲ್ಲ. ಬಾಜಾ ಪೆಟ್ಟಿಗೆ ಸದ್ದಿಲ್ಲ.

ನಮ್ಮತ್ತೆ ನನ್ನ ಕೈಯಿಂದ ಹಾಲಿನ ತಂಬಿಗೆ ಕಿತ್ಕೊಂಡ್ರು. "ಬಸುರಿ ನೀನು. ಆ ಕಡೆ ಹೆಜ್ಜೆ ಇಟ್ಟೀಯೆ ಜೋಕೆ. ಅವಳ ಕಣ್ಣು ಒಳ್ಳೇದೇ ಇರ್ಬೋದು, ನಾಲಿಗೆ ಒಳ್ಳೇದಲ್ಲ."

"ಹೆರಿಗೆಗೆ ಜೊತೇಲಿರ್ತೀನಿ ಅಂದವ್ರೆ ಅತ್ತೆಮ್ಮಾ..."

"ಬಂದವಳು ಹೋಗಲೂ ಬೇಕಲ್ಲ? ಹೋಗುವಾಗ ಏನಂತಾಳೆ?"

ರಾತ್ರಿ ಹಗಲು ನನಗೆ ಒಂದೇ ಚಿಂತೆಯಾಯ್ತು. ಹಳೇ ಬಟ್ಟೇಲಿ ಸುತ್ತಿದ ಆ ಗಂಟು ಕಣ್ಣ ಮುಂದೆ ಬರೋದು. ಈ ಸಲವೂ ಅದೇ ಸೂಲಗಿತ್ತಿ, ಅದೇ ಕತ್ತಲೆ ಕೋಣೆ. ಹೊಟ್ಟೇಲಿ ಮಗು ಒದ್ದಾಗೆಲ್ಲ ಸಂತೋಷ ಪಡಬೇಕೋ ಹೆದರಬೇಕೋ ಗೊತ್ತಾಗ್ತಿರಲಿಲ್ಲ.

ಒಂದು ಮಧ್ಯಾಹ್ನ ಬಾವಿ ಹತ್ರ ಸಿಕ್ಕಿದಳು. ತಾನೇ ನೀರು ಸೇದಿ ಸೇದಿ ಅಂಗೈ ಬೊಬ್ಬೆ ಎದ್ದಿತ್ತು. ಮುಖ ಇಳಿದಿತ್ತು. ನನ್ನನ್ನ ಕಂಡು ಮೊದಲು ನನ್ನ ಹೊಟ್ಟೆ ನೋಡಿದಳು, ಆಮೇಲೆ ಮುಖ.

"ಹೇಳಿ, ನನ್ನ ಮಾತಿನಿಂದ ಆ ಹುಡುಗ ಸತ್ತನೇ?" ಅಂದಳು.

ಇಲ್ಲ ಅನ್ನೋಕೆ ಬಾಯಿ ತೆಗೆದೆ. ಆದರೆ ಹುಟ್ಟಿದಾಗಿಂದ ಕೇಳಿಕೊಂಡು ಬಂದ ಮಾತು ಅದು, ಅಷ್ಟು ಸುಲಭಕ್ಕೆ ಬಿಟ್ಟುಹೋಗುತ್ತಾ? "ನಂಗೊತ್ತಿಲ್ಲ ಮಿಸ್ಸಮ್ಮ" ಅಂದೆ.

"ಅವನಿಗಾಗಿ ಬೇಡಿಕೊಂಡೆ. ನನ್ನ ಜೀವ ಇರುವಷ್ಟು ಬೇಡಿಕೊಂಡೆ. ಈಗ ಮೊಣಕಾಲೂರಿದರೆ ಏನೂ ಬರುವುದಿಲ್ಲ. ಖಾಲಿ ಮನೆಯಲ್ಲಿ ಕೂಗಿದ ಹಾಗೆ ಇದೆ" ಅಂದಳು. ನೀರು ಸೇದೋ ಹಗ್ಗ ಸುತ್ತುತ್ತಾ, ಯುದ್ಧಕ್ಕೆ ಹೋದ ಅವಳ ತಮ್ಮನ ಸುದ್ದಿಯೂ ಇಲ್ಲ ಅಂದಳು. "ನನ್ನನ್ನು ಇಲ್ಲಿಗೆ ಕಳಿಸಿದ್ದು ದೇವರೇ ಹೌದೋ, ಅಥವಾ ನಾನೇ ಬಂದೆನೋ?" ಅಂದಳು. ಇಷ್ಟು ದಿನ ನಮಗೆ ದೇವರ ವಿಷಯ ಹೇಳೋಕೆ ಬಂದವಳು ಈಗ ನನ್ನನ್ನ ಕೇಳ್ತಾ ಇದ್ದಳು.

ನಾನೇ ಬುದ್ಧಿ ಹೇಳಿದೆ, ಆ ತಾಯಿ ಮನೆಗೆ ಹೋಗಿ ಬನ್ನಿ, ಹೊರಡೋವಾಗ ಆ ಒಂದು ಮಾತು ಅಂದುಬಿಡಿ ಅಂತ. ಹೋದಳು. ಅಂಗಳದಲ್ಲಿ ನಿಂತಳು. ತಾಯಿ ಬಾಗಿಲಿಗೆ ಬಂದು ನಿಂತಳು, ಕೂತ್ಕೋ ಅನ್ನಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಬ್ಬರೂ ಅತ್ತರು. ಹೊರಡೋವಾಗ ಮಿಸ್ಸಮ್ಮ ಬಾಯಿ ತೆಗೆದಳು, ಮಾತು ಹೊರಡಲಿಲ್ಲ. ತಿರುಗಿ ಬಾ ಅಂತ ಕರೆಯದ ಮನೇಲಿ ಬರ್ತೀನಿ ಅಂತ ಹೇಗೆ ಅನ್ನೋದು, ಅದು ಅವಳ ಲೆಕ್ಕ. ಏನೂ ಅನ್ನದೆ ಬಂದುಬಿಟ್ಟಳು. ಬೀದಿಯವರು ಅದನ್ನೂ ಆಡಿಕೊಂಡರು. "ಮೂಗಿ ಹಂಗೆ ಹೋದ್ಲು. ಅದು ಇನ್ನೂ ಕೆಟ್ಟದ್ದು."

ಅವರೆಕಾಯಿ ಕಾಲದಲ್ಲಿ ನನಗೆ ನೋವು ಶುರುವಾಯ್ತು. ಹೊಲದಿಂದ ಸೊನೆ ವಾಸನೆ ಮನೇವರೆಗೂ ಬರ್ತಿತ್ತು, ಅದೇ ನೆನಪು. ಬೆಳಗಿನ ಜಾವ ಹಿಡಿದ ನೋವು ಹೊತ್ತೇರಿದ್ರೂ ಮುಗೀಲಿಲ್ಲ. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿದಳು. ಮತ್ತೆ ಮುಟ್ಟಿದಳು. ಆಮೇಲೆ ನಮ್ಮತ್ತೆಯನ್ನ ಬಾಗಿಲ ಸಂದೀಲಿ ಕರೆದು, "ಅಕ್ಕಾ, ಕೂಸು ಕಾಲು ಮುಂದಾಗಿ ನಿಂತೈತೆ. ನನ್ನ ಕೈಲಿ ಆಗಲ್ಲ. ಆ ಮಿಸ್ಸಮ್ಮನ್ನ ಕರೀರಿ" ಅಂದಳು.

"ಬಾಯಿ ಮುಚ್ಚು."

"ನಾನು ಮುಚ್ತೀನಿ. ಹೋದ ಸಲ ನಿನ್ನ ಮೊಮ್ಮಗನ್ನ ಸುತ್ತಿದ್ದು ನಾನೇ. ಈ ಸಲ ಎರಡು ಸುತ್ತಬೇಕಾಗುತ್ತೆ, ನೋಡ್ಕೋ."

ಹೊರಗೆ ಜಗಲಿ ಮೇಲಿದ್ದ ನನ್ನ ಯಜಮಾನರಿಗೆ ಅಷ್ಟೇ ಸಾಕಾಯ್ತು, ಓಡಿದರು.

ಮಿಸ್ಸಮ್ಮ ಬಂದ ಸದ್ದು ಕೇಳಿಸ್ತು. ಚೀಲ ಹಿಡಕೊಂಡು ಹೊಸ್ತಿಲವರೆಗೆ ಬಂದಳು. ನಮ್ಮತ್ತೆ ಬಾಗಿಲಿಗೆ ಅಡ್ಡ ಕೈ ಇಟ್ಟರು. ನಾನು ಒಳಗೆ ಗೋಣಿ ಮೇಲೆ ಬಿದ್ದಿದ್ದೆ, ಹಲ್ಲು ಕಚ್ಚಿಕೊಂಡಿದ್ದೆ, ಆದರೂ ಒಂದೊಂದು ಮಾತೂ ಕೇಳಿಸ್ತು.

"ಒಳಗೆ ಬರೋದು ಬಾ. ಆದ್ರೆ ಹೋಗುವಾಗ ಏನಂತೀಯಾ? ಅದನ್ನ ಈಗಲೇ ಹೇಳು."

ನನಗೆ ಕೂಗಿಕೊಳ್ಳಬೇಕು ಅನ್ನಿಸ್ತು, ಅನ್ನೇ ತಾಯಿ, ಒಂದು ಸಲ ಸುಳ್ಳೇ ಅಂದುಬಿಡೇ, ನಿನ್ನ ದೇವರು ಕಿವಿ ಮುಚ್ಚಿಕೊಳ್ತಾನೆ ಅಂತ. ನೋವು ಬಂದು ಮಾತು ಕಿತ್ಕೊಂಡು ಹೋಯ್ತು.

ಆಮೇಲೆ ಅವಳ ದನಿ ಬಂತು. "ನಾನು ಹೋಗುವುದಿಲ್ಲ."

"ಏನಂದೆ?"

"ನಾನು ಹೋಗುವುದೇ ಇಲ್ಲ. ಮಗು ಅಳುವವರೆಗೂ, ಇವಳು ಎದ್ದು ಸ್ನಾನ ಮಾಡಿ ಬಿಸಿಲಿಗೆ ಬರುವವರೆಗೂ ಈ ಮನೆಯಲ್ಲೇ ಇರುತ್ತೇನೆ. ಹೋದರೆ ತಾನೇ ಆ ಮಾತು?"

ನಮ್ಮತ್ತೆ ಕೈ ಇಳಿಸಿದ್ರು. ಸುಳ್ಳಿಗೆ ಸಿದ್ಧವಾಗಿ ನಿಂತಿದ್ದ ಹೆಂಗಸು, ನಿಜ ಬಂದಾಗ ಏನು ಮಾಡಬೇಕು ಅಂತ ತಿಳೀದೆ ದಾರಿ ಬಿಟ್ಟರು ಅಂತ ನನಗೆ ಈಗ ಅನ್ನಿಸುತ್ತೆ.

ಒಳಗೆ ಬಂದು ಕಿಟಕಿ ತೆಗೆಸಿದಳು, ಬಿಸಿನೀರು ತರಿಸಿದಳು. ಸೂಲಗಿತ್ತಿಯನ್ನ ನನ್ನ ಬೆನ್ನಿಗೆ ಕೂರಿಸಿದಳು, ಇಬ್ಬರೂ ಸೇರಿಯೇ ಮಾಡಿದ್ರು. ನೆತ್ತಿ ಮೇಲೆ ಸೂರ್ಯ ಬಂದಾಗ ಮಗು ಬಂತು. ಅಳಲಿಲ್ಲ. ಹೋದ ಸಲದ ಹಾಗೇ, ಕೋಣೆ ತುಂಬ ಅದೇ ಮೌನ. ನಾನು ಗೋಡೆ ಕಡೆ ತಿರುಗಿಬಿಟ್ಟೆ. ಮಿಸ್ಸಮ್ಮ ಬೆರಳು ಹಾಕಿ ಅದರ ಬಾಯಿ ಒರೆಸಿದಳು, ಬಾಯಿಗೆ ಬಾಯಿಟ್ಟು ಊದಿದಳು, ಬೆನ್ನು ತೀಡಿದಳು, ಮತ್ತೆ ಊದಿದಳು. ಏನೋ ಗೊಣಗ್ತಾ ಇದ್ದಳು, ಅವಳ ಭಾಷೇಲಿ. ಪ್ರಾರ್ಥನೆಯೋ, ಬೈಗುಳವೋ, ನನಗೆ ಗೊತ್ತಿಲ್ಲ. ಎರಡೂ ಇತ್ತೇನೋ.

ಆಮೇಲೆ ಬೆಕ್ಕಿನ ಮರಿ ಹಾಗೆ ಒಂದು ಸಣ್ಣ ಸದ್ದು. ಆಮೇಲೆ ಒಂದು ದೊಡ್ಡ ರಾಗ. ಹೊರಗೆ ನಮ್ಮ ಮಾವ ಜಗಲಿಯಿಂದ ಎದ್ದ ರಭಸಕ್ಕೆ ಊರುಗೋಲು ಬಿದ್ದದ್ದು ಕೇಳಿಸ್ತು. ಆ ರಾಗ ಎಳೆದವಳೇ ಇವತ್ತು ತಾಯಿಯಾಗಿರೋ ನನ್ನ ಮಗಳು.

ಮಿಸ್ಸಮ್ಮ ಹೋಗಲೇ ಇಲ್ಲ. ನಮ್ಮ ಜಗಲಿ ಮೇಲೆ ರಾಗಿ ಮೂಟೆ ಪಕ್ಕ ಚಾಪೆ ಹಾಸಿಕೊಂಡಳು. ಜನ ಮೊದಲು ಮಗು ನೋಡೋ ನೆಪದಲ್ಲಿ ಬಂದರು, ಆಮೇಲೆ ಕಾಲಿನ ಹುಣ್ಣು ತೋರಿಸಿದರು. ಜಗಲಿಯೇ ಔಷಧಿ ಮನೆಯಾಯ್ತು. ನಮ್ಮತ್ತೆ ಅವಳಿಗೆ ಮುದ್ದೆ ಹಾಕಿ ಎದುರಿಗೆ ಕೂತು ಕಾವಲು ಕಾಯೋರು. "ಅಗಿಬೇಡ್ವೇ! ನುಂಗೇ! ಒಳ್ಳೆ ಎಮ್ಮೆ ಮೆಲುಕು ಹಾಕ್ದಂಗೆ ಹಾಕ್ತಾಳಲ್ಲ ಇವಳು." ಅವಳಿಗೆ ಕಣ್ಣಲ್ಲಿ ನೀರು ಬರೋದು, ಆದ್ರೂ ನುಂಗೋಳು.

ಆದರೆ ಅದಕ್ಕೆ ಅವಳು ಬೆಲೆ ತೆತ್ತಳು. ಅವರ ದೊಡ್ಡ ಪಾದ್ರಿ ಕಾರಲ್ಲಿ ಬಂದು ಜಗಲಿ ಮುಂದೆ ನಿಂತು ಇಂಗ್ಲಿಷಲ್ಲಿ ಮಾತಾಡಿದ್ರು. ಅವಳ ಮುಖ ಕುತ್ತಿಗೆವರೆಗೂ ಕೆಂಪಾಯ್ತು. ಅವರು ಹೋದ ಮೇಲೆ ನಾನು ಕೇಳಿದೆ. "ಇವರ ಕುರುಡು ನಂಬಿಕೆಯನ್ನು ಬಿಡಿಸಲು ಕಳಿಸಿದರೆ ನೀನೇ ಅದಕ್ಕೆ ಕಾವಲು ಕೂತೆಯಾ ಎಂದರು" ಅಂದಳು.

"ನೀವೇನಂದ್ರಿ?"

"ನಾನು ಕೊಟ್ಟದ್ದು ಮಾತು, ಅದಕ್ಕೆ ಕೂತಿದ್ದೇನೆ ಎಂದೆ." ಆಮೇಲೆ ಮಗುವಿನ ಅಂಗಾಲು ಮುಟ್ಟಿ, "ಅವರು ಹೇಳಿದ್ದು ಸರಿ ಇರಬಹುದು. ನನಗೆ ಗೊತ್ತಿಲ್ಲ" ಅಂದಳು.

ಸೂತಕ ಕಳೆದು, ನನಗೆ ನೀರು ಹಾಕಿ, ಮಗು ಎತ್ತಿಕೊಂಡು ಬಿಸಿಲಿಗೆ ಬಂದೆ. ಅವಳು ಚಾಪೆ ಸುತ್ತಿದಳು. ಮಾತು ಮುಗೀತು. ಈಗ ಹೊಸ್ತಿಲು ದಾಟಬೇಕು. ಅವಳು ನಿಂತಳು, ನಾವೆಲ್ಲ ನಿಂತೆವು.

ನಮ್ಮತ್ತೆ ಒಳಗಿಂದ ಖಾಲಿ ತಂಬಿಗೆ ತಂದು ಅವಳ ಕೈಗೆ ತುರುಕಿದ್ರು. "ಸೊಸೆ ಬಾಣಂತಿ, ನನಗೆ ಮಂಡಿ ನೋವು. ಇನ್ನ ಮೇಲೆ ನಿನ್ನ ಮನೆಗೆ ಹಾಲು ಯಾರೂ ತರಲ್ಲ. ಸಾಯಂಕಾಲ ನೀನೇ ಬಂದು ತಗೊಂಡು ಹೋಗಬೇಕು. ಬರ್ದೇ ಇದ್ರೆ ಹಾಲಿಲ್ಲ. ಈಗ ಹೇಳು, ಬರ್ತೀಯೋ ಇಲ್ವೋ?"

ಮಿಸ್ಸಮ್ಮ ತಂಬಿಗೆ ನೋಡಿದಳು. ನಮ್ಮತ್ತೆ ಮುಖ ನೋಡಿದಳು. ಅವಳ ಮುಖದಲ್ಲಿ ನಗು ಹುಟ್ಟಿದ್ದು ನಾನು ಕಂಡೆ, ಹುಡುಗನ ಸಾವಾದ ಮೇಲೆ ಅದೇ ಮೊದಲು. "ಬರುತ್ತೇನೆ" ಅಂದಳು.

"ಬರುತ್ತೇನೆ ಅಲ್ವೇ. ಬರ್ತೀನಿ."

"ಬರ್ತೀನಿ."

ಸಾಯಂಕಾಲ ಬಂದಳು. ತಂಬಿಗೆ ಹಿಡಕೊಂಡು, ಅಂಗಳದಲ್ಲಿ ನಿಂತು, "ಹಾಲು" ಅಂತ ಸರಿಯಾಗಿ ಅಂದಳು. ಆಮೇಲೆ ಬೀದಿಯವರೂ ಅದೇ ಹಾದಿ ಹಿಡಿದರು. ಅವಳು ಹೊರಡೋವಾಗ ಒಬ್ಬಳು ಮಾರನೇ ದಿನಕ್ಕೆ ಸೊಪ್ಪು ಕೊಡ್ತೀನಿ ಅನ್ನೋಳು, ಇನ್ನೊಬ್ಬಳು ಮಗುವಿನ ಕಣ್ಣು ತೋರಿಸಬೇಕು ಅನ್ನೋಳು. ಏನಾದ್ರೂ ಒಂದು ಕೆಲಸ ಉಳಿಸಿಕೊಂಡೇ ಕಳಿಸೋರು, ಅವಳ ಮಾತು ಸುಳ್ಳಾಗದ ಹಾಗೆ.

ಒಂದು ಬಾಗಿಲು ಮಾತ್ರ ತೆಗೀಲಿಲ್ಲ. ಮಿಸ್ಸಮ್ಮ ದಿನಾ ಆ ಮನೆ ಮುಂದೆ ಒಂದು ಗಳಿಗೆ ನಿಂತು ಮುಂದೆ ಹೋಗೋಳು. ಕೂಗ್ತಿರಲಿಲ್ಲ, ತಟ್ಟುತಿರಲಿಲ್ಲ. ಒಳಗೆ ತಾಯಿ ಇರೋದು ಹೊಗೆ ನೋಡಿದ್ರೆ ಗೊತ್ತಾಗೋದು. ಅದೊಂದರಿಂದ ಅವಳ ಹಾಡು ಮೊದಲಿನ ಹಾಗೆ ಆಗಲೇ ಇಲ್ಲ. "ನಿಮ್ಮ ಮಗು ಉಳಿಯಿತು. ಅವರದು ಉಳಿಯಲಿಲ್ಲ. ಎರಡಕ್ಕೂ ನಾನು ಒಂದೇ ರೀತಿ ಬೇಡಿದೆ" ಅಂತ ಒಂದು ದಿನ ಅಂದಳು. ನಾನು ಅವಳ ತಂಬಿಗೆಗೆ ಹಾಲು ಹಾಕಿದೆ.

ಯುದ್ಧ ಮುಗಿದು ಹಡಗು ಓಡಾಡೋಕೆ ಶುರುವಾದ ಮೇಲೆ ಅವರ ಕಡೆಯವರು ಅವಳನ್ನ ವಾಪಸ್ ಕರೆಸಿಕೊಂಡ್ರು. ಮೈಗೆ ಹವಾ ಒಗ್ಗಲಿಲ್ಲ ಅಂತ ಊರಿಗೆ ಹೇಳಿದ್ರು. ಜಗಲಿ ಮೇಲೆ ಕೂತದ್ದೇ ಕಾರಣ ಅಂತ ನನಗೆ ಗೊತ್ತಿತ್ತು. ಅವಳಿಗೆ ಮತ್ತೆ ಬರೋದಿಲ್ಲ ಅಂತ ಗೊತ್ತಿತ್ತು. ನಮಗೂ ಗೊತ್ತಿತ್ತು.

ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಲಲ್ಲಿ ಓಡೋ ಬಸ್ಸು ಹೊಗೆ ಬಿಡ್ತಾ ನಮ್ಮ ಬೀದಿ ಬಾಯಲ್ಲಿ ನಿಂತಿತ್ತು. ಮಿಸ್ಸಮ್ಮ ನಮ್ಮತ್ತೆ ಕಾಲು ಮುಟ್ಟಿದಳು, ನನ್ನ ಮಗಳನ್ನ ಎತ್ತಿ ಮುದ್ದಾಡಿದಳು. ಯಾರೂ ಅವಳನ್ನ ಆ ಮಾತು ಕೇಳಲಿಲ್ಲ. ನಮ್ಮತ್ತೆಯೇ ಎಲ್ಲರಿಗೂ ಕಣ್ಣಲ್ಲೇ ಹೇಳಿದ್ರು, ಕೇಳಬೇಡಿ ಅಂತ. ಅವಳನ್ನ ಆ ಇಕ್ಕಟ್ಟಿಗೆ ಮತ್ತೆ ಸಿಕ್ಕಿಸೋದು ಯಾರಿಗೂ ಬೇಕಿರಲಿಲ್ಲ.

ಬಸ್ಸಿನ ಕಡೆ ನಡೆದವಳು ಆ ಮುಚ್ಚಿದ ಬಾಗಿಲ ಮುಂದೆ ನಿಂತಳು. ನಾನು ಮಗಳನ್ನ ಸೊಂಟಕ್ಕೇರಿಸಿಕೊಂಡು ಹಿಂದೆ ಇದ್ದೆ. ಅವಳು ಕೈ ಮುಗಿದಳು. ಒಳಗಿಂದ ದನಿ ಬಂತು. ಬಾಗಿಲು ತೆಗೀಲಿಲ್ಲ, ದನಿ ಮಾತ್ರ.

"ಬರ್ತೀನಿ ಅನ್ನೇ."

ಬೇಡಿಕೊಳ್ಳೋ ದನಿಯಲ್ಲ, ಗದರೋ ದನಿಯೂ ಅಲ್ಲ. ಅಷ್ಟು ದಿನ ಬಾಗಿಲ ಹಿಂದೆ ಕೂತು ಕೂತು ತುಕ್ಕು ಹಿಡಿದ ದನಿ.

ಆ ಹೊತ್ತಿಗೇ ಬಸ್ಸಿನವನು ಹಾರನ್ನು ಹೊಡೆದ, ಇಂಜಿನು ಬಡಬಡ ಅಂತು. ಮಿಸ್ಸಮ್ಮನ ತುಟಿ ಅಲ್ಲಾಡಿದ್ದು ಕಂಡೆ. ಮಾತು ಕೇಳಿಸಲಿಲ್ಲ. ಆಮೇಲೆ ಅವಳು ಹಿಂದಕ್ಕೆ ನೋಡದೆ ಹೋಗಿ ಬಸ್ಸು ಹತ್ತಿದಳು.

ಧೂಳು ಇಳಿಯೋ ಮುಂಚೆ ಬಾಗಿಲು ಕಿರ್ ಅಂತು. ತಾಯಿ ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನನ್ನ ಕೇಳಿದಳು, "ಅಂದ್ಲೇನೇ?"

"ಅಂದ್ಲಮ್ಮ" ಅಂದೆ.

ಅವಳು ಹೊಸ್ತಿಲ ಮೇಲೆ ಕೂತಳು. ಕೈ ಚಾಚಿದಳು. ನನ್ನ ಮಗಳನ್ನ ಅವಳ ತೊಡೆ ಮೇಲೆ ಕೂರಿಸಿದೆ.

ಅಂದಳಾ ಇಲ್ಲವಾ? ಎಷ್ಟೋ ಸಲ ಯೋಚನೆ ಮಾಡಿದ್ದೀನಿ. ಹೋಗ್ತೀನಿ ಅನ್ನೋಕೆ ತುಟಿ ಮುಚ್ಚಬೇಕಿಲ್ಲ, ನೀವೇ ಅಂದು ನೋಡಿ. ಬರ್ತೀನಿ ಅನ್ನಬೇಕಾದ್ರೆ ಮೊದಲು ಎರಡು ತುಟಿ ಸೇರಬೇಕು. ಅವಳ ತುಟಿ ಸೇರಿದ್ದು ನಾನು ಕಂಡೆ. ಕಂಡೆ ಅಂತಲೇ ಇಷ್ಟು ವರ್ಷ ಬದುಕಿದ್ದೀನಿ. ಅವಳು ಮತ್ತೆ ಬರಲಿಲ್ಲ. ಅದು ಸುಳ್ಳಾಯ್ತೋ, ಅವಳ ದೇವರ ಹತ್ರ ಅದಕ್ಕೆ ಬೇರೆ ಏನಾದ್ರೂ ಅರ್ಥ ಇದೆಯೋ, ನನ್ನಂಥವಳಿಗೆ ತಿಳಿಯೋದಲ್ಲ. ಬದುಕಿದ್ದಾಳೋ ಇಲ್ಲವೋ ಅದೂ ತಿಳೀದು. ಇವತ್ತು ಎದುರಿಗಿದ್ದಿದ್ರೆ ಈ ಮಗುವನ್ನ ಅವಳ ಕೈಲಿಟ್ಟು, ನೋಡು ಮಿಸ್ಸಮ್ಮ, ನೀನು ಊದಿದ ಉಸಿರು ಎಲ್ಲೀವರೆಗೂ ಬಂದಿದೆ ಅಂತ ಕೂಗಿ ಹೇಳ್ತಿದ್ದೆ!

ಬೆಳಿಗ್ಗೆ ಮಗಳನ್ನ ಗದರಿದ ಮೇಲೆ ಬಗ್ಗಿ ಆ ಕೆಂಪು ಮೂತಿಗೆ ನಾನೂ ಹೇಳಿದೆ, "ಬರ್ತೀನಿ ಕಣೇ ಪುಟ್ಟಿ." ಅದು ಎರಡು ತುಟಿ ಸೇರಿಸಿ ಚಪ್ಪರಿಸಿತು, ಹಾಲಿನ ಕನಸಿಗೋ ಏನೋ.

ಬೇಳೆ ಬೆಂದಿದೆ. ಮೆಣಸು ಕುಟ್ಟಬೇಕು, ಬೆಳ್ಳುಳ್ಳಿ ಸುಲೀಬೇಕು, ಮಧ್ಯಾಹ್ನದ ಬಸ್ಸು ತಪ್ಪಿದ್ರೆ ಆಮೇಲೆ ಕಷ್ಟ. ಬರ್ತೀನಿ ಅಂದಿದ್ದೀನಿ, ಹೋಗಬೇಕು.